ಹೊರದೇಶದ ನಿವಾಸಿ ಕಾರ್ಡ್: ಊರು ಬಿಡುವ ಮೊದಲೇ ನೋಡಿಕೊಳ್ಳಬೇಕಾದದ್ದು



ತಾಳವಾಡಿ ಬೆಟ್ಟದ ಊರುಗಳಿಂದ ಕೆಲಸಕ್ಕೋ ಓದಿಗೋ ಹೊರದೇಶಕ್ಕೆ ಹೊರಟವರು ಸಂಘದಲ್ಲಿ ಕೇಳುವ ಪ್ರಶ್ನೆ ಹೆಚ್ಚಾಗಿ ಒಂದೇ: ‘ಅಲ್ಲಿಗೆ ಹೋದ ಮೇಲೆ ಆ ದೇಶದ ಗುರುತಿನ ಕಾರ್ಡ್ ಮಾಡಿಸುವುದು ಹೇಗೆ?’ ದುಬೈ, ಅಬುಧಾಬಿ ಕಡೆ ಹೋದವರಿಗೆ ಅದು ಎಮಿರೇಟ್ಸ್ ಐಡಿ, ಸೌದಿಗೆ ಹೋದವರಿಗೆ ಇಕಾಮ, ಜರ್ಮನಿಗೆ ಹೋದವರಿಗೆ ನಿವಾಸ ಪರವಾನಗಿ ಕಾರ್ಡ್. ಹೆಸರು ಏನೇ ಇರಲಿ, ಸಂಬಳ ಬೀಳುವ ಬ್ಯಾಂಕ್ ಖಾತೆಗೆ, ಬಾಡಿಗೆ ಮನೆಗೆ, ಆಸ್ಪತ್ರೆಗೆ ಮೊದಲು ಕೇಳುವುದು ಅದನ್ನೇ.

ನಮ್ಮ ಉತ್ತರ ಕೇಳಿದವರಿಗೆ ಸ್ವಲ್ಪ ವಿಚಿತ್ರ ಎನಿಸಬಹುದು. ಅಲ್ಲಿ ಅರ್ಜಿ ಹಾಕುವುದು ದೊಡ್ಡ ಕೆಲಸವಲ್ಲ. ಗಲ್ಫ್ ದೇಶಗಳಲ್ಲಿ ಕಂಪನಿಯವರೇ ಮುಂದೆ ನಿಂತು ಮಾಡಿಸುತ್ತಾರೆ, ನೀವು ಬೆರಳಚ್ಚು ಕೊಟ್ಟು ವೈದ್ಯಕೀಯ ತಪಾಸಣೆ ಮುಗಿಸಿದರೆ ಸಾಕು. ಕಷ್ಟವಿರುವುದು ಕಾರ್ಡಿನ ಮೇಲೆ ಅಚ್ಚಾಗುವ ಹೆಸರಿನಲ್ಲಿ. ಆ ಹೆಸರು ಬರುವುದು ಪಾಸ್‌ಪೋರ್ಟ್‌ನಿಂದ, ಪಾಸ್‌ಪೋರ್ಟ್‌ಗೆ ಬರುವುದು ಊರಿನ ಪತ್ರಗಳಿಂದ. ಊರಿನ ಪತ್ರದಲ್ಲಿ ಒಂದಕ್ಷರ ಹೆಚ್ಚುಕಡಿಮೆಯಾಗಿದ್ದರೆ ಅದು ಸಮುದ್ರ ದಾಟಿಯೂ ನಿಮ್ಮ ಜೊತೆಗೇ ಬರುತ್ತದೆ. ಆದ್ದರಿಂದ ಈ ಬರಹದಲ್ಲಿ ಹೆಚ್ಚು ಜಾಗ ಊರಿನ ಪತ್ರಗಳಿಗೆ, ಕಡಿಮೆ ಜಾಗ ವಿದೇಶದ ಕಚೇರಿಗಳಿಗೆ.

ಹೆಸರು ಮೂರು ಲಿಪಿ ದಾಟುವಾಗ

ನಮ್ಮ ಮನೆಗಳಲ್ಲಿ ಮಗುವಿಗೆ ಹೆಸರಿಡುವುದು ಕನ್ನಡದಲ್ಲಿ. ಪಡಿತರ ಚೀಟಿ, ವಿ.ಎ.ಓ. ಪತ್ರ, ತಾಲ್ಲೂಕು ಕಚೇರಿಯ ಕಾಗದ ತಮಿಳಿನಲ್ಲಿ. ಎಷ್ಟೋ ಸಲ ಇಂಗ್ಲಿಷ್ ಕಾಗುಣಿತ ಬರುವುದು ತಮಿಳಿನಿಂದಲೇ ಹೊರತು ಕನ್ನಡದಿಂದಲ್ಲ. ತಮಿಳು ಲಿಪಿಯಲ್ಲಿ ಕ–ಗ, ಟ–ಡ, ತ–ದ, ಪ–ಬ ಜೋಡಿಗಳಿಗೆ ಒಂದೊಂದೇ ಅಕ್ಷರ. ಅದು ಆ ಭಾಷೆಯ ಕೊರತೆಯಲ್ಲ. ತಮಿಳು ಮಾತಿಗೆ ಆ ಲಿಪಿ ಸರಿಯಾಗಿಯೇ ಹೊಂದುತ್ತದೆ, ಪದದ ನಡುವೆ ಎಲ್ಲಿ ಗ, ಎಲ್ಲಿ ದ ಎಂದು ಓದುವವರಿಗೆ ತಿಳಿದಿರುತ್ತದೆ. ನಮ್ಮ ಹೆಸರುಗಳಿಗೆ ತೊಡಕಾಗುವುದು ಪದದ ಮೊದಲಲ್ಲಿ ಮತ್ತು ಒತ್ತಕ್ಷರದಲ್ಲಿ. ಅಲ್ಲಿ ಬಸವಣ್ಣ ಪಸವಣ್ಣನಾಗುತ್ತಾನೆ, ಗಿರಿಜಮ್ಮ ಕಿರಿಜಮ್ಮನಾಗುತ್ತಾಳೆ, ಬೊಮ್ಮಯ್ಯ ಪೊಮ್ಮಯ್ಯನಾಗುತ್ತಾನೆ. ಸಿದ್ದಪ್ಪ ಎಂಬ ಹೆಸರನ್ನು ತಮಿಳಿನಲ್ಲಿ ಬರೆದರೆ ಆ ಭಾಷೆಯಲ್ಲಿ ‘ಚಿಕ್ಕಪ್ಪ’ ಎನ್ನುವುದಕ್ಕಿರುವ ಮಾತೇ ಆಗಿಬಿಡುತ್ತದೆ. ಊರಲ್ಲಿ ಇದು ನಗೆಯ ವಿಷಯ, ಕಚೇರಿಯಲ್ಲಿ ಅಲ್ಲ.

ಇದಲ್ಲದೆ ಹೆಸರಿನ ಕೊನೆಯಲ್ಲೂ ಬದಲಾವಣೆ ಸೇರಿಕೊಳ್ಳುತ್ತದೆ. ಮಾದಮ್ಮನಿಗೆ ‘ಆಳ್’ ಸೇರಿ ಮಾದಮ್ಮಾಳ್, ಮಾದೇವನಿಗೆ ‘ನ್’ ಸೇರಿ ಮಾದೇವನ್. ಒಂದು ಪತ್ರದಲ್ಲಿ ಸೇರಿದೆ, ಇನ್ನೊಂದರಲ್ಲಿ ಇಲ್ಲ. ಊರಿನವರೆಲ್ಲ ಒಬ್ಬರನ್ನೊಬ್ಬರು ಬಲ್ಲ ತಾಳವಾಡಿಯಲ್ಲಿ ಯಾರೂ ಇದನ್ನು ಪ್ರಶ್ನಿಸುವುದಿಲ್ಲ. ಆದರೆ ರಿಯಾದ್‌ನ ಗುಮಾಸ್ತನಿಗೆ ಬಿ ಅಕ್ಷರದಿಂದ ಶುರುವಾಗುವ ಹೆಸರೂ ಪಿ ಅಕ್ಷರದಿಂದ ಶುರುವಾಗುವ ಹೆಸರೂ ಇಬ್ಬರು ಬೇರೆಬೇರೆ ಮನುಷ್ಯರು. ಗಂಡನ ಪಾಸ್‌ಪೋರ್ಟ್‌ನಲ್ಲಿ ಹೆಂಡತಿಯ ಹೆಸರು ಒಂದು ಬಗೆ, ಮದುವೆ ಪತ್ರದಲ್ಲಿ ಇನ್ನೊಂದು ಬಗೆ ಇದ್ದರೆ ಕುಟುಂಬದ ವೀಸಾ ನಿಲ್ಲುತ್ತದೆ. ಕಾರ್ಡಿನ ಹೆಸರಿಗೂ ಊರಿನ ಖಾತೆಯ ಹೆಸರಿಗೂ ತಾಳೆಯಾಗದಿದ್ದರೆ ಕಳಿಸಿದ ಹಣ ನಡುವೆ ಸಿಕ್ಕಿಬೀಳಬಹುದು. ದುಡಿಯಲು ಹೋದವರು ಅಲ್ಲೇ ತೀರಿಕೊಂಡಾಗ ಮನೆಯವರು ವಿಮೆಯ ಹಣ ಕೇಳುವಾಗಲೂ ಮೊದಲು ಎದುರಾಗುವುದು ಇದೇ ಅಕ್ಷರದ ಜಗಳ.

ಗಡಿಯ ಬೇರೆ ಊರುಗಳ ಸದಸ್ಯರಿಗೂ ಇದರಲ್ಲಿ ಪಾಲಿದೆ. ಹೊಸೂರಿನವರದು ತಾಳವಾಡಿಯದೇ ಕಥೆ. ಸೊಲ್ಲಾಪುರ, ಜತ್ತ, ಅಕ್ಕಲಕೋಟೆ ಕಡೆ ದೇವನಾಗರಿಯಲ್ಲಿ ಬ, ಗ, ದಗಳೆಲ್ಲ ಉಳಿಯುತ್ತವೆ, ಆದರೆ ಎ–ಏ, ಒ–ಓ ಹ್ರಸ್ವದೀರ್ಘಗಳ ವ್ಯತ್ಯಾಸ ಹೋಗುತ್ತದೆ. ಕಾಸರಗೋಡಿನವರಿಗೆ ಮಲಯಾಳ ಲಿಪಿಯಲ್ಲಿ ಅಕ್ಷರಗಳೆಲ್ಲ ಸಿಗುತ್ತವೆ; ಅವರಿಗೆ ಇನಿಷಿಯಲ್ ತೊಡಕು ಮಾತ್ರ ನಮ್ಮಷ್ಟೇ ಇದೆ.

ಇನಿಷಿಯಲ್ ಎಂಬ ಒಂದಕ್ಷರ

ಗಾಜನೂರಿನ ಡಾ. ರಾಜ್‌ಕುಮಾರ್ ಅವರ ಮೂಲ ಹೆಸರು ಸಿಂಗಾನಲ್ಲೂರು ಪುಟ್ಟಸ್ವಾಮಯ್ಯ ಮುತ್ತುರಾಜು. ಊರು, ಅಪ್ಪ, ತಾನು – ಇದು ನಮ್ಮ ಕಡೆಯ ಹಳೆಯ ಕ್ರಮ. ಕರ್ನಾಟಕದ ಶಾಲೆಯಲ್ಲಿ ಓದಿದವರ ಪತ್ರದಲ್ಲಿ ಹೀಗೆ ಎರಡು ಇನಿಷಿಯಲ್ ಇರುವುದುಂಟು. ತಮಿಳುನಾಡಿನ ಕ್ರಮದಲ್ಲಿ ಸಾಮಾನ್ಯವಾಗಿ ಅಪ್ಪನ ಹೆಸರಿನ ಒಂದೇ ಅಕ್ಷರ, ಮದುವೆಯಾದ ಹೆಣ್ಣುಮಕ್ಕಳಿಗೆ ಕೆಲವೊಮ್ಮೆ ಗಂಡನ ಹೆಸರಿನದು. ಏಳನೇ ತರಗತಿವರೆಗೆ ತಾಳವಾಡಿಯಲ್ಲಿ ಓದಿ ಮುಂದೆ ಚಾಮರಾಜನಗರಕ್ಕೆ ಸೇರಿದ ಮಗುವಿನ ಹೆಸರಿನ ಮುಂದೆ ಎರಡೂ ಬಗೆಯ ಇನಿಷಿಯಲ್ ಇರುವುದನ್ನು ನಾವು ಕಂಡಿದ್ದೇವೆ.

ಪಾಸ್‌ಪೋರ್ಟ್ ಅರ್ಜಿಯಲ್ಲಿ ಇನಿಷಿಯಲ್ ನಡೆಯುವುದಿಲ್ಲ, ಬಿಡಿಸಿ ಪೂರ್ತಿ ಬರೆಯಬೇಕು. ಅರ್ಜಿಯಲ್ಲಿ ಎರಡು ಕಾಲಂ: ಒಂದು ಕೊಟ್ಟ ಹೆಸರು, ಇನ್ನೊಂದು ಕುಲನಾಮ. ಕುಲನಾಮವೇ ಇಲ್ಲದ ನಮ್ಮವರು ಎರಡನೆಯದನ್ನು ಖಾಲಿ ಬಿಡುತ್ತಾರೆ. ಕಾನೂನಿಗೆ ಅದು ತಪ್ಪಲ್ಲ, ಆದರೆ ಮುಂದೆ ತೊಂದರೆ. 2022ರ ನವೆಂಬರ್‌ನಲ್ಲಿ ಯುಎಇ ದೇಶವು ಪಾಸ್‌ಪೋರ್ಟ್‌ನಲ್ಲಿ ಒಂಟಿ ಹೆಸರು ಇರುವವರನ್ನು ಭೇಟಿ ವೀಸಾದ ಮೇಲೆ ಬಿಡುವುದಿಲ್ಲ ಎಂದು ಹೇಳಿತು. ಎರಡನೇ ಪುಟದಲ್ಲಿ ಅಪ್ಪನ ಹೆಸರೋ ಮನೆತನದ ಹೆಸರೋ ಇದ್ದರೆ ಆಗಬಹುದು ಎಂದು ಕೆಲ ದಿನದಲ್ಲೇ ಸಡಿಲಿಸಿತು. ನಿವಾಸ ವೀಸಾ ಇದ್ದವರಿಗೆ ಈ ನಿರ್ಬಂಧ ಇರಲಿಲ್ಲ. ಅಮೆರಿಕದ ವೀಸಾದಲ್ಲಿ ಒಂಟಿ ಹೆಸರಿನವರಿಗೆ ‘ಮೊದಲ ಹೆಸರು ಗೊತ್ತಿಲ್ಲ’ ಎನ್ನುವುದರ ಇಂಗ್ಲಿಷ್ ಮೊದಲಕ್ಷರಗಳು, ಎಫ್‌ಎನ್‌ಯು, ಹೆಸರಿನ ಜಾಗದಲ್ಲಿ ಬರುತ್ತವೆ. ಅಲ್ಲಿ ಹೋದ ಮೇಲೆ ಆ ಮೂರಕ್ಷರವೇ ತಮ್ಮ ಹೆಸರಾಗಿ ಚಾಲನಾ ಪರವಾನಗಿಯವರೆಗೂ ಹಿಂಬಾಲಿಸುವ ಕಷ್ಟ ಅನೇಕ ದಕ್ಷಿಣ ಭಾರತೀಯರಿಗೆ ಗೊತ್ತು.

ನಮ್ಮ ಸಲಹೆ ಇಷ್ಟು. ಕುಲನಾಮದ ಕಾಲಂ ಖಾಲಿ ಬಿಡಬೇಡಿ. ಅಲ್ಲಿ ಅಪ್ಪನ ಹೆಸರನ್ನು, ಅಪ್ಪನ ಆಧಾರ್‌ನಲ್ಲಿ ಇರುವ ಕಾಗುಣಿತದಲ್ಲೇ, ಬರೆಯಿರಿ. ಊರಿನ ಹೆಸರು ಚೆನ್ನಾಗಿ ಕೇಳಿಸುತ್ತದೆ, ಒಪ್ಪುತ್ತೇವೆ. ಆದರೆ ಮುಂದೆ ಹೆಂಡತಿ ಮಕ್ಕಳ ಪತ್ರ ಜೋಡಿಸುವಾಗ ಅಪ್ಪನ ಹೆಸರೇ ಸುಲಭ. ಯಾವುದನ್ನೇ ಆರಿಸಿ, ಒಮ್ಮೆ ಆರಿಸಿದ ಮೇಲೆ ಪ್ಯಾನ್, ಆಧಾರ್, ಬ್ಯಾಂಕ್ ಎಲ್ಲದರಲ್ಲೂ ಅದೇ ಇರಲಿ.

ತಿದ್ದುವ ಕ್ರಮ

ಹೆಸರು ತಿದ್ದಿಸುವಾಗ ಕೆಳಗಿನಿಂದ ಮೇಲಕ್ಕೆ ಬನ್ನಿ: ಮೊದಲು ಜನನ ಪತ್ರ, ಆಮೇಲೆ ಶಾಲೆಯದು, ಆಮೇಲೆ ಆಧಾರ್, ಪ್ಯಾನ್, ಕೊನೆಗೆ ಪಾಸ್‌ಪೋರ್ಟ್. ಇ-ಸೇವಾ ಕೇಂದ್ರಕ್ಕೆ ಹೋಗಿ ಮೊದಲು ಆಧಾರ್ ತಿದ್ದಿಸಿಬಿಡುವವರೇ ಹೆಚ್ಚು. ಆಧಾರ್‌ನಲ್ಲಿ ಹೆಸರು ಬದಲಿಸಲು ಜೀವಮಾನದಲ್ಲಿ ಎರಡೇ ಅವಕಾಶ, ಹುಟ್ಟಿದ ದಿನಾಂಕಕ್ಕೆ ಒಂದೇ. ಆತುರಕ್ಕೆ ಅದನ್ನು ಖರ್ಚು ಮಾಡಿಕೊಂಡರೆ ನಿಜವಾಗಿ ಬೇಕಾದಾಗ ಬಾಗಿಲು ಮುಚ್ಚಿರುತ್ತದೆ.

ಜನನ ನೋಂದಣಿಯಲ್ಲಿನ ತಪ್ಪನ್ನು 1969ರ ಜನನ ಮರಣ ನೋಂದಣಿ ಕಾಯ್ದೆಯ 15ನೇ ವಿಧಿಯಡಿ ನೋಂದಣಾಧಿಕಾರಿ ತಿದ್ದಬಹುದು. ಹಳೆಯ ನಮೂದನ್ನು ಅಳಿಸುವುದಿಲ್ಲ, ಅಂಚಿನಲ್ಲಿ ತಿದ್ದುಪಡಿ ಬರೆಯುತ್ತಾರೆ. ಮಗುವಿನ ಹೆಸರೇ ಇಲ್ಲದ ಜನನ ಪತ್ರ ನಮ್ಮ ಬೆಟ್ಟದಲ್ಲಿ ಅಪರೂಪವಲ್ಲ. ಹೆಸರು ಸೇರಿಸಲು ನಿಯಮದಲ್ಲಿ 15 ವರ್ಷದ ಗಡುವು ಇದೆ, ಮರೆಯಬೇಡಿ. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದ ಮಕ್ಕಳಿಗೆ ಪಾಸ್‌ಪೋರ್ಟ್ ಮಾಡಿಸಲು ಹುಟ್ಟಿದ ದಿನಾಂಕದ ಸಾಕ್ಷಿಯಾಗಿ ಜನನ ಪತ್ರವೊಂದೇ ನಡೆಯುತ್ತದೆ. ಅದಕ್ಕೂ ಮೊದಲು ಹುಟ್ಟಿದವರಿಗೆ ಶಾಲಾ ಪತ್ರ, ಪ್ಯಾನ್ ಮುಂತಾದವೂ ಆಗುತ್ತವೆ.

ಶಾಲೆಯ ಪತ್ರಕ್ಕೆ ಒಂದು ಮಾತು. ಹತ್ತನೇ ತರಗತಿಯ ಪ್ರಮಾಣಪತ್ರ ಚೆನ್ನೈನ ಸರ್ಕಾರಿ ಪರೀಕ್ಷೆಗಳ ನಿರ್ದೇಶನಾಲಯದಿಂದ ಬರುತ್ತದೆ. ಅಚ್ಚಾದ ಮೇಲೆ ತಿದ್ದಿಸುವುದು ಅಲೆದಾಟ. ಪರೀಕ್ಷೆಗೆ ಮುಂಚೆ ಶಾಲೆಯಲ್ಲಿ ಹೆಸರುಪಟ್ಟಿ ತಯಾರಾಗುವಾಗಲೇ ಅಪ್ಪನೋ ಅಮ್ಮನೋ ಹೋಗಿ ಇಂಗ್ಲಿಷ್ ಕಾಗುಣಿತವನ್ನು ಕಣ್ಣಾರೆ ನೋಡಿ ಬರಬೇಕು. ಕನ್ನಡ ಮಾಧ್ಯಮ ಶಾಲೆಗಳ ಮುಖ್ಯೋಪಾಧ್ಯಾಯರಿಗೆ ನಮ್ಮ ವಿನಂತಿಯೂ ಇದೇ: ಆ ಪಟ್ಟಿಯನ್ನು ಮಕ್ಕಳ ಕೈಲಿ ಮನೆಗೆ ಕಳಿಸಿ, ಸಹಿ ಮಾಡಿಸಿಕೊಳ್ಳಿ.

ಹತ್ತನೇ ತರಗತಿ ಪಾಸಾದ ಪತ್ರಕ್ಕೆ ಇನ್ನೊಂದು ಬೆಲೆಯೂ ಇದೆ. ಅದಿಲ್ಲದವರ ಪಾಸ್‌ಪೋರ್ಟ್‌ನಲ್ಲಿ ‘ಇಸಿಆರ್’ ಎಂದು, ಅಂದರೆ ವಲಸೆ ಅನುಮತಿ ಬೇಕು ಎಂದು, ಮುದ್ರಿಸುತ್ತಾರೆ. ಯುಎಇ, ಸೌದಿ, ಕುವೈತ್, ಕತಾರ್, ಒಮಾನ್, ಬಹರೇನ್, ಮಲೇಷ್ಯಾ ಮುಂತಾದ ದೇಶಗಳಿಗೆ ದುಡಿಯಲು ಹೋಗುವ ಇಂಥವರು 1983ರ ವಲಸೆ ಕಾಯ್ದೆಯಡಿ ‘ಇ-ಮೈಗ್ರೇಟ್’ ಮೂಲಕ ಅನುಮತಿ ಪಡೆಯಬೇಕು. ಏಜೆಂಟ್ ಪರವಾನಗಿ ಉಳ್ಳವನೇ ಎಂದು ಅದರಲ್ಲೇ ನೋಡಬಹುದು. ಅವನು ಕೂಲಿಗಾರನಿಂದ ಪಡೆಯಬಹುದಾದ ಸೇವಾ ಶುಲ್ಕ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿ, ಅಷ್ಟೇ. ಈ ದಾರಿಯಲ್ಲಿ ಹೋದವರಿಗೆ ಪ್ರವಾಸಿ ಭಾರತೀಯ ಬಿಮಾ ಯೋಜನೆಯಲ್ಲಿ 10 ಲಕ್ಷ ರೂಪಾಯಿಯ ವಿಮೆ ಇರುತ್ತದೆ; ಎರಡು ವರ್ಷಕ್ಕೆ ಕಂತು 275 ರೂಪಾಯಿ. ‘ಅದೆಲ್ಲ ಬೇಡ, ಭೇಟಿ ವೀಸಾದಲ್ಲಿ ಹೋಗು, ಅಲ್ಲಿ ಬದಲಿಸೋಣ’ ಎನ್ನುವವರ ಮಾತು ಕೇಳಿದರೆ ಅನುಮತಿಯೂ ಇಲ್ಲ, ವಿಮೆಯೂ ಇಲ್ಲ, ಕಾರ್ಡ್ ಸಿಗುತ್ತದೆ ಎಂಬ ಖಾತ್ರಿಯೂ ಇಲ್ಲ.

ಕೊಯಮತ್ತೂರೋ, ಮೈಸೂರೋ?

ಈರೋಡು ಜಿಲ್ಲೆ ಕೊಯಮತ್ತೂರು ಪ್ರಾದೇಶಿಕ ಪಾಸ್‌ಪೋರ್ಟ್ ಕಚೇರಿಯ ವ್ಯಾಪ್ತಿಗೆ ಸೇರಿದೆ. ಅಲ್ಲಿಗೆ ಹೋಗಬೇಕಾದರೆ ದಿಂಬಂ ಘಾಟಿಯ 27 ತಿರುವು ಇಳಿಯಬೇಕು. ಹುಲಿ ರಕ್ಷಿತಾರಣ್ಯದ ಆ ದಾರಿಯಲ್ಲಿ 2022ರಿಂದ ರಾತ್ರಿ ಸಂಚಾರಕ್ಕೆ ನಿರ್ಬಂಧವೂ ಇದೆ. ಬೆಳಗಿನ ಸಮಯ ಕೊಟ್ಟರೆ ಹಿಂದಿನ ದಿನವೇ ಹೊರಡಬೇಕಾದ ಪಾಡು. ಆದರೆ 2018ರಿಂದ ದೇಶದ ಯಾವ ಪಾಸ್‌ಪೋರ್ಟ್ ಕಚೇರಿಯಲ್ಲಿ ಬೇಕಾದರೂ ಅರ್ಜಿ ಕೊಡಬಹುದು. ಮೈಸೂರಿನ ಅಂಚೆ ಕಚೇರಿ ಪಾಸ್‌ಪೋರ್ಟ್ ಸೇವಾ ಕೇಂದ್ರ 2017ರ ಜನವರಿಯಲ್ಲಿ ತೆರೆದದ್ದು, ದೇಶದಲ್ಲೇ ಇಂಥ ಮೊದಲ ಕೇಂದ್ರಗಳಲ್ಲೊಂದು. ಚಾಮರಾಜನಗರದ ಮೇಲಿಂದ ನಮಗೆ ಅದು ಅನುಕೂಲ. ಕನ್ನಡದಲ್ಲಿ ಹೆಸರು ಹೇಳಿದರೆ ಕೌಂಟರ್‌ನಲ್ಲಿರುವವರಿಗೆ ಅದು ಬ ಎಂದೋ ಪ ಎಂದೋ ಮತ್ತೆ ವಿವರಿಸಬೇಕಿಲ್ಲ. ವಿಳಾಸ ತಾಳವಾಡಿಯದೇ ಇರುವುದರಿಂದ ಪೊಲೀಸ್ ವಿಚಾರಣೆ ಇಲ್ಲಿಯ ಠಾಣೆಯಿಂದಲೇ ನಡೆಯುತ್ತದೆ. 36 ಪುಟದ ಸಾಮಾನ್ಯ ಪಾಸ್‌ಪೋರ್ಟ್‌ಗೆ 1,500 ರೂಪಾಯಿ, ತತ್ಕಾಲ್ ಆದರೆ ಮೇಲೆ 2,000.

ಹುಟ್ಟಿದ ಸ್ಥಳ ಬರೆಯುವಾಗ ಹುಷಾರು. ತಾಳವಾಡಿ ಈಗ ಸ್ವಂತ ತಾಲ್ಲೂಕು. ಹಿಂದೆ ಸತ್ಯಮಂಗಲಕ್ಕೆ ಸೇರಿತ್ತು. ಜಿಲ್ಲೆ 1979ರವರೆಗೆ ಕೊಯಮತ್ತೂರು, ಆಮೇಲೆ 1996ರವರೆಗೆ ಪೆರಿಯಾರ್, ಆಮೇಲೆ ಈರೋಡು. ಒಂದೇ ಮನೆಯ ಅಜ್ಜ, ಅಪ್ಪ, ಮಗ ಒಂದೇ ಕೋಣೆಯಲ್ಲಿ ಹುಟ್ಟಿ ಮೂರು ಜಿಲ್ಲೆಯವರಾಗಿರಬಹುದು. ಪಾಸ್‌ಪೋರ್ಟ್‌ನಲ್ಲಿ ಜಿಲ್ಲೆಯ ಹೆಸರಿಗಿಂತ ಊರಿನ ಹೆಸರನ್ನು ಹುಟ್ಟಿದ ಸ್ಥಳವಾಗಿ ಹಾಕಿಸುವುದು ಒಳ್ಳೆಯದು, ಊರು ಬದಲಾಗುವುದಿಲ್ಲ. ಹೆರಿಗೆಗೆ ಚಾಮರಾಜನಗರದ ಆಸ್ಪತ್ರೆಗೆ ಹೋಗಿದ್ದರೆ ಮಗುವಿನ ಹುಟ್ಟಿದ ಸ್ಥಳ ಚಾಮರಾಜನಗರವೇ, ತಾಳವಾಡಿ ಅಲ್ಲ.

ಇದೇ ಮಾತು ದೃಢೀಕರಣಕ್ಕೂ. ಪದವಿ ಪತ್ರ, ಮದುವೆ ಪತ್ರ, ಜನನ ಪತ್ರಗಳಿಗೆ ಮೊದಲು ಅದನ್ನು ಕೊಟ್ಟ ರಾಜ್ಯದ ಅಧಿಕಾರಿಯ ಮುದ್ರೆ ಬೀಳಬೇಕು, ಆಮೇಲೆ ವಿದೇಶಾಂಗ ಸಚಿವಾಲಯದ್ದು. ನೀವು ಎಲ್ಲಿಯವರು ಎಂಬುದು ಇಲ್ಲಿ ಲೆಕ್ಕಕ್ಕಿಲ್ಲ, ಪತ್ರ ಎಲ್ಲಿಯದು ಎಂಬುದೇ ಲೆಕ್ಕ. ಮೈಸೂರು ವಿಶ್ವವಿದ್ಯಾಲಯದ ಪದವಿಗೆ ಕರ್ನಾಟಕ, ತಾಳವಾಡಿಯ ಜನನ ಪತ್ರಕ್ಕೆ ತಮಿಳುನಾಡು. ಒಂದೇ ಕಟ್ಟು ಮಾಡಿ ಒಂದೇ ಕಡೆ ಕೊಟ್ಟರೆ ಅರ್ಧ ವಾಪಸ್ ಬರುತ್ತದೆ. ಕಾಸರಗೋಡಿನವರಿಗೆ ಕೇರಳದ ನೋರ್ಕಾ ರೂಟ್ಸ್ ಈ ಕೆಲಸ ಮಾಡಿಕೊಡುತ್ತದೆ. ವಿದೇಶಾಂಗ ಸಚಿವಾಲಯ ಅರ್ಜಿದಾರರಿಂದ ನೇರವಾಗಿ ಪತ್ರ ಪಡೆಯುವುದಿಲ್ಲ, ತಾನು ಗೊತ್ತುಪಡಿಸಿದ ಸಂಸ್ಥೆಗಳ ಮೂಲಕ ಪಡೆಯುತ್ತದೆ.

ಅಪೊಸ್ಟಿಲ್ ಎಂಬ ಮುದ್ರೆ ಭಾರತದಲ್ಲಿ 2005ರಿಂದ ಜಾರಿಯಲ್ಲಿದೆ. ಒಮಾನ್, ಬಹರೇನ್, ಈಚೆಗೆ 2022ರ ಡಿಸೆಂಬರ್‌ನಿಂದ ಸೌದಿ ಆ ಒಪ್ಪಂದದಲ್ಲಿವೆ. ಯುಎಇ ಇಲ್ಲ, ಅಲ್ಲಿಗೆ ಅವರ ರಾಯಭಾರ ಕಚೇರಿಯ ದೃಢೀಕರಣವೂ ಬೇಕು. ಜರ್ಮನಿ ಒಪ್ಪಂದದಲ್ಲಿದ್ದರೂ ಭಾರತದ ಸೇರ್ಪಡೆಗೆ ಆಕ್ಷೇಪ ಎತ್ತಿದ ದೇಶ, ನಮ್ಮ ಅಪೊಸ್ಟಿಲ್ ಅಲ್ಲಿ ನಡೆಯುವುದಿಲ್ಲ. ಜನನ, ಮದುವೆ ಪತ್ರಗಳ ಸತ್ಯಾಸತ್ಯವನ್ನು ಅವರ ದೂತಾವಾಸವೇ ವಿಚಾರಿಸುತ್ತದೆ. ಅಂಥ ವಿಚಾರಣೆಯಲ್ಲಿ ಮೂಲ ದಾಖಲೆಯ ಹೆಸರೂ ಕೈಯಲ್ಲಿರುವ ಪತ್ರದ ಹೆಸರೂ ಬೇರೆಯಾಗಿ ಕಂಡರೆ ಹೆಂಡತಿ ಮಕ್ಕಳು ಊರಲ್ಲೇ ಕಾಯಬೇಕಾಗುತ್ತದೆ.

ಅಲ್ಲಿ ಇಳಿದ ಮೇಲೆ

ಯುಎಇಗೆ ಕೆಲಸದ ಪ್ರವೇಶ ಪತ್ರದಲ್ಲಿ ಹೋದವರು ಇಳಿದ 60 ದಿನದೊಳಗೆ ರಕ್ತ ಪರೀಕ್ಷೆ, ಎದೆಯ ಎಕ್ಸ್‌ರೇ, ಬೆರಳಚ್ಚು ಮುಗಿಸಿ ನಿವಾಸದ ಕೆಲಸ ಪೂರೈಸಬೇಕು. 2022ರಿಂದ ಪಾಸ್‌ಪೋರ್ಟ್‌ನಲ್ಲಿ ವೀಸಾ ಚೀಟಿ ಅಂಟಿಸುವುದನ್ನು ನಿಲ್ಲಿಸಿದ್ದಾರೆ, ಎಮಿರೇಟ್ಸ್ ಐಡಿಯೇ ನಿವಾಸದ ಸಾಕ್ಷಿ. ಅದರ ಸಂಖ್ಯೆ 15 ಅಂಕಿಯದು, 784ರಿಂದ ಶುರುವಾಗಿ ಮುಂದಿನ ನಾಲ್ಕಂಕಿ ನೀವು ಹುಟ್ಟಿದ ವರ್ಷ. ಕೈಗೆ ಬಂದ ಕೂಡಲೇ ಆ ನಾಲ್ಕಂಕಿ ನೋಡಿ. ಬೆರಳಚ್ಚಿನ ದಿನ ಟೈಪಿಂಗ್ ಕೇಂದ್ರದವರು ಕೊಡುವ ಕರಡಿನಲ್ಲಿ ಇಂಗ್ಲಿಷ್ ಹೆಸರು ನೋಡಿಕೊಳ್ಳಿ, ಅರಬಿಯಲ್ಲಿ ಏನು ಬರೆದಿದ್ದಾರೆ ಎಂದು ಓದಿಸಿ ಕೇಳಿ. ಅರಬಿಯಲ್ಲಿ ಪ ಇಲ್ಲ, ಬ ಇದೆ. ತಮಿಳಿನಲ್ಲಿ ಕಳೆದುಕೊಂಡ ಬಸವಣ್ಣ ಅಲ್ಲಿ ಮತ್ತೆ ಸಿಕ್ಕಬಹುದು, ಆದರೆ ಪುಟ್ಟಪ್ಪ ಹೋಗುತ್ತಾನೆ.

ಸೌದಿಯಲ್ಲಿ ಇಳಿದ 90 ದಿನದೊಳಗೆ ಇಕಾಮ ಆಗಬೇಕು. ಇಕಾಮದ ಖರ್ಚು, ನವೀಕರಣದ ಖರ್ಚು, ತಡವಾದರೆ ಬೀಳುವ ದಂಡ ಎಲ್ಲವೂ ಅಲ್ಲಿಯ ಕಾರ್ಮಿಕ ಕಾನೂನಿನ 40ನೇ ವಿಧಿಯಂತೆ ಮಾಲೀಕನದು. ಯುಎಇಯಲ್ಲೂ ನೇಮಕದ ಖರ್ಚನ್ನು ಕೆಲಸಗಾರನಿಂದ ವಸೂಲು ಮಾಡುವಂತಿಲ್ಲ. ಸಂಬಳದಲ್ಲಿ ‘ಕಾರ್ಡಿನ ಹಣ’ ಎಂದು ಹಿಡಿದರೆ ಚೀಟಿ ಇಟ್ಟುಕೊಳ್ಳಿ.

ಜರ್ಮನಿಗೆ ಓದಲು ಹೋದವರು ಮನೆ ಹಿಡಿದ ಎರಡು ವಾರದೊಳಗೆ ಆ ಊರಿನ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು. ಆಮೇಲೆ ವೀಸಾ ಮುಗಿಯುವ ಮೊದಲು ವಿದೇಶೀಯರ ಕಚೇರಿಯಲ್ಲಿ ಕಾರ್ಡಿಗೆ ಅರ್ಜಿ. ಕಾರ್ಡ್ ಬರ್ಲಿನ್‌ನಲ್ಲಿ ಅಚ್ಚಾಗಿ ಬರಲು ವಾರಗಳೇ ಆಗುತ್ತವೆ, ಭೇಟಿಯ ದಿನ ಸಿಗುವುದೂ ತಡ, ಹಾಗಾಗಿ ಹೋದ ಮೊದಲ ವಾರವೇ ದಿನ ಕೇಳಿ. ಜಪಾನಿನಲ್ಲಿ ದೊಡ್ಡ ವಿಮಾನ ನಿಲ್ದಾಣಗಳಲ್ಲಿ ಇಳಿದಾಗಲೇ ಕಾರ್ಡ್ ಕೈಗೆ ಕೊಡುತ್ತಾರೆ, 14 ದಿನದಲ್ಲಿ ವಿಳಾಸ ದಾಖಲಿಸಬೇಕು. ಬ್ರಿಟನ್ನಿನಲ್ಲಿ 2024ರ ಕೊನೆಗೆ ಕಾರ್ಡ್ ಪದ್ಧತಿಯೇ ಮುಗಿದು ಎಲ್ಲ ಆನ್‌ಲೈನ್ ಆಗಿದೆ.

ಹೆಸರಿನ ತಪ್ಪು ಅಲ್ಲಿ ಹೋದ ಮೇಲೆ ಕಂಡರೆ? ಭಾರತೀಯ ದೂತಾವಾಸದಲ್ಲಿ ಪಾಸ್‌ಪೋರ್ಟ್ ಮರುವಿತರಣೆಗೆ ಅರ್ಜಿ ಹಾಕಬೇಕು, ಹೊಸ ಪಾಸ್‌ಪೋರ್ಟ್ ಬಂದ ಮೇಲೆ ಕಾರ್ಡ್, ಕಾರ್ಡ್ ಆದ ಮೇಲೆ ಬ್ಯಾಂಕ್. ಇಷ್ಟಕ್ಕೂ ಊರಿನ ಜನನ ಪತ್ರ ಮೊದಲೇ ಸರಿಯಿರಬೇಕು, ಇಲ್ಲದಿದ್ದರೆ ವಯಸ್ಸಾದ ಅಪ್ಪ ಅಮ್ಮ ನಿಮ್ಮ ಪರವಾಗಿ ತಾಲ್ಲೂಕು ಕಚೇರಿ ಅಲೆಯಬೇಕು.

ಪಾಸ್‌ಪೋರ್ಟ್ ನಿಮ್ಮ ಬಳಿಯೇ ಇರಲಿ. ಕಂಪನಿ ಅದನ್ನು ಇಟ್ಟುಕೊಳ್ಳುವುದಕ್ಕೆ ಯುಎಇ ಕಾನೂನಿನಲ್ಲಿ ಅವಕಾಶವಿಲ್ಲ. ಪಾಸ್‌ಪೋರ್ಟ್, ಕಾರ್ಡ್, ಕರಾರು ಪತ್ರಗಳ ಎರಡೂ ಬದಿಯ ನಕಲನ್ನು ಮನೆಯಲ್ಲಿ ಓದು ಬರಹ ಬಲ್ಲ ಒಬ್ಬರ ಬಳಿ ಇಡಿ. ತೊಂದರೆಯಾದರೆ ವಿದೇಶಾಂಗ ಸಚಿವಾಲಯದ ‘ಮದದ್’ ನಲ್ಲಿ ಮನೆಯವರೂ ದೂರು ದಾಖಲಿಸಬಹುದು. ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರದ ಸಂಖ್ಯೆ ಭಾರತದಲ್ಲಿ 1800 11 3090, ಯುಎಇಯಲ್ಲಿ 800 46342.

ಹೊರಡುವ ಸಿದ್ಧತೆಯಲ್ಲಿರುವವರು ತಮ್ಮ ಪತ್ರಗಳ ನಕಲು ತಂದರೆ ಹೆಸರು, ಇನಿಷಿಯಲ್, ದಿನಾಂಕ ಎಲ್ಲವೂ ತಾಳೆಯಾಗುತ್ತವೆಯೇ ಎಂದು ಸಂಘದಲ್ಲಿ ಕೂತು ನೋಡಿಕೊಡುತ್ತೇವೆ. ಮೂಲ ಪತ್ರ ತರಬೇಡಿ, ನಕಲು ಸಾಕು.